ಅರಿಶಿನದ ಬೊಟ್ಟಿನ ಬಿಳಿ ಶರ್ಟು

ಇಷ್ಟು ದಿನ ಮುಚ್ಚಿಟ್ಟಿದ್ದ ಒಂದು ಸತ್ಯವನ್ನು ಮೊದಲೇ ಹೇಳಿಬಿಡುತ್ತೇನೆ. ಎರಡು ವರ್ಷಗಳಿಂದ ನಾನು ಕೆಲಸ ಹುಡುಕುವವರಿಗೆ ಸಂದರ್ಶನದ ಪಾಠ ಹೇಳುತ್ತಿದ್ದೇನೆ. ಒಳಗೆ ಹೇಗೆ ಬರಬೇಕು, ಕುರ್ಚಿಯ ಮೇಲೆ ಎಷ್ಟು ಭಾಗ ಕೂರಬೇಕು, ಕೈ ಎಲ್ಲಿಡಬೇಕು, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಎಷ್ಟು ಗಾಂಭೀರ್ಯದಿಂದ ಹೇಳಬೇಕು, ಎಲ್ಲವೂ ನನ್ನ ಪಾಠದಲ್ಲಿದೆ. ಆದರೆ ನಾನೇ ಜೀವಮಾನದಲ್ಲಿ ಒಂದೇ ಒಂದು ಸಂದರ್ಶನಕ್ಕೂ ಹೋದವನಲ್ಲ. ನಮ್ಮಪ್ಪ ಸರ್ಕಾರಿ ಕೆಲಸದಲ್ಲಿದ್ದಾಗಲೇ ತೀರಿಕೊಂಡರು. ಅನುಕಂಪದ ಆಧಾರದ ಮೇಲೆ ಅವರ ಕುರ್ಚಿ ನನಗೆ ಬಂತು. ಅದರ ಬೆತ್ತದಲ್ಲಿ ಅವರ ಬೆನ್ನು ಊರಿದ ಗುಳಿ ಇನ್ನೂ ಹಾಗೇ ಇತ್ತು. ಅದೇ ಗುಳಿಯಲ್ಲಿ ನನ್ನ ಬೆನ್ನಿಟ್ಟು ಮೂವತ್ತಾರು ವರ್ಷ ಕೂತು, ನಿವೃತ್ತನಾಗಿ ಎದ್ದುಬಂದೆ. ಒಳಗೆ ಹೋಗುವಾಗ ಯಾರೂ ಪ್ರಶ್ನೆ ಕೇಳಲಿಲ್ಲ, ಹೊರಗೆ ಬರುವಾಗಲೂ ಕೇಳಲಿಲ್ಲ.

ಸಂದರ್ಶನವೆಂದು ಕರೆಯಬಹುದಾದದ್ದು ಒಂದೇ ಒಂದು ನಡೆದಿದೆ. ಅದು ಮದ್ದೂರಿನ ಹತ್ತಿರ ವೈದ್ಯನಾಥಪುರದಲ್ಲಿ, ಹೆಣ್ಣು ನೋಡಲು ಹೋದಾಗ. ಮುಂದೆ ನನಗೆ ಮಾವನಾದವರು ಮೂರು ಪ್ರಶ್ನೆ ಕೇಳಿದರು. ಎರಡಕ್ಕೆ ಜೊತೆಯಲ್ಲಿ ಬಂದಿದ್ದ ನನ್ನ ಸೋದರಮಾವ ಉತ್ತರ ಕೊಟ್ಟ. ಮೂರನೆಯದು "ಇನ್ನೊಂದ್ ಲೋಟ ಕಾಪಿ ಕುಡೀತೀರಾ?" ಎಂಬುದು. ಅದಕ್ಕೆ ಮಾತ್ರ ಯಾರ ನೆರವೂ ಇಲ್ಲದೆ ನಾನೇ ಉತ್ತರಿಸಿದೆ. ಅಷ್ಟಕ್ಕೇ ಪಾಸಾದೆ.

ಆ ಸಂದರ್ಶನದಲ್ಲಿ ನನಗೆ ದೊರೆತ ರತ್ನ, ಹೆಸರೂ ರತ್ನವೇ, ಪ್ರೌಢಶಾಲೆಯಲ್ಲಿ ಹೊಲಿಗೆ ಟೀಚರ್ ಆಗಿದ್ದವಳು. ನಾವಿಬ್ಬರೂ ನಿವೃತ್ತರಾಗಿ ಮಂಡ್ಯದ ಗುತ್ತಲಿನ ನಮ್ಮ ಮನೆಯಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡು ಬೇಸರಪಡುತ್ತಿದ್ದ ಕಾಲ. ಒಂದು ದಿನ ಅವಳ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದು ಅಳುತ್ತಾ ಕೂತಳು. ಮಾಸಿದ ನೈಲಾನ್ ಸೀರೆ ಉಟ್ಟು, ಹವಾಯಿ ಚಪ್ಪಲಿ ಮೆಟ್ಟಿ ಯಾವುದೋ ಆಫೀಸಿಗೆ ಕೆಲಸ ಕೇಳಿಕೊಂಡು ಹೋದರೆ, ಗೇಟಿನವನು "ಕೂಲಿಯವ್ರು ಹಿಂದ್ಗಡೆ ಬಾಗ್ಲಿಗೆ ಹೋಗಿ" ಎಂದು ಅಲ್ಲಿಂದಲೇ ಸಾಗಹಾಕಿದನಂತೆ. ಡಿಗ್ರಿ ಮಾಡಿದ ಹುಡುಗಿ. ರತ್ನ ಅವಳಿಗೆ ಕಾಫಿ ಕೊಟ್ಟು ಕಳಿಸಿದವಳೇ ನನ್ನ ಕಡೆ ತಿರುಗಿ, "ಮೈಮೇಲಿನ ಬಟ್ಟೆ ನೋಡಿ ಗೇಟಲ್ಲೇ ಕಳಿಸ್ಬುಟ್ರೆ ತಲೆಯೊಳಗಿರೋದನ್ನ ನೋಡೋರ್ ಯಾರು?" ಎಂದಳು. ಗೇಟಿನವನು ನಾನೇ ಎಂಬಂತೆ ಕೇಳಿದ್ದರಿಂದ ನಾನು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ.

ಮಾರನೆಯ ದಿನ ತರಕಾರಿ ತಂದು ಮನೆಗೆ ಬರುವಷ್ಟರಲ್ಲಿ ನನ್ನ ಬೀರು ಖಾಲಿಯಾಗಿತ್ತು. ನನ್ನ ಲುಂಗಿ, ಬನಿಯನ್, ಪಂಚೆಗಳು ಮಂಚದ ಕೆಳಗಿನ ಟ್ರಂಕಿಗೆ ವರ್ಗವಾಗಿದ್ದವು. ಸರ್ಕಾರಿ ಸೇವೆಯಲ್ಲಿದ್ದಷ್ಟು ದಿನ ಯಾರಿಂದಲೂ ಮಾಡಲಾಗದ ವರ್ಗಾವಣೆಯನ್ನು ಅವಳು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಿದ್ದಳು. ಬೀರು ನಡುಮನೆಗೆ ಬಂತು. ಅದರಲ್ಲಿ ಕೆಲಸಕ್ಕೆ ಅಲೆಯುವ ಬಡವರು ಸಂದರ್ಶನದ ದಿನ ಹಾಕಿಕೊಂಡು ಹೋಗಿ, ಒಗೆದು ವಾಪಸು ಕೊಡಬೇಕಾದ ಬಟ್ಟೆ. ಅದಕ್ಕೆ "ಕೆಲಸದ ಬೀರು" ಎಂದು ಹೆಸರಾಯಿತು. ಊರಿಗೆ ಉಪಕಾರಿ ಮನೆಗೆ ಮಾರಿ ಎಂಬ ಗಾದೆಯನ್ನು ನಾನು ಟ್ರಂಕಿನೊಳಗೆ ತಲೆ ತೂರಿಸಿ ಬನಿಯನ್ ಹುಡುಕುವಾಗಲೆಲ್ಲ ಹೇಳಿಕೊಳ್ಳುತ್ತಿದ್ದೆ, ಅವಳಿಗೆ ಕೇಳಿಸದ ಹಾಗೆ.

ಬಟ್ಟೆ ಕೊಡುವವರಿಗೇನೂ ಬರವಿರಲಿಲ್ಲ. ಆದರೆ ಮಂಡ್ಯದ ನಿವೃತ್ತರೆಲ್ಲ ಒಂದೇ ಕಾಲದಲ್ಲಿ ಒಂದೇ ಉಡುಪಿನ ಮೋಹಕ್ಕೆ ಬಿದ್ದಿದ್ದರೆಂದು ನನಗೆ ಆಗಲೇ ಗೊತ್ತಾದದ್ದು. ಬಂದದ್ದೆಲ್ಲ ಸಫಾರಿ. ವಿ.ಸಿ. ಫಾರಂನಲ್ಲಿ ಭತ್ತದ ಮೇಲೆ ಸಂಶೋಧನೆ ಮಾಡಿದ ಹಿರಿಯರೊಬ್ಬರು ಏಳು ಸಫಾರಿ ಕಳಿಸಿದರು, ಏಳೂ ಒಣಗಿದ ಭತ್ತದ ಹುಲ್ಲಿನ ಬಣ್ಣದವು. ಹೆಂಗಸರ ಕಡೆಯ ಕಪಾಟು ಬೇಗ ತುಂಬಿತು. ಗಂಡಸರ ಕಡೆ ಮಾತ್ರ ಇಪ್ಪತ್ತರ ಹರೆಯದವರು ಸಫಾರಿ ತೊಟ್ಟು ಕನ್ನಡಿ ನೋಡಿಕೊಂಡು, "ಇದಾಕ್ಕೊಂಡ್ ಓದ್ರೆ ಕೆಲ್ಸ ಕೊಡಲ್ಲ ಮೇಡಮ್ಮೋರೇ, ಪಿಂಚಣಿ ಕೊಡ್ತಾರೆ" ಎಂದು ಬಿಚ್ಚಿಡುತ್ತಿದ್ದರು.

ಆಗ ರತ್ನನ ಕಣ್ಣು ನನ್ನ ಬಿಳಿ ಶರ್ಟಿನ ಮೇಲೆ ಬಿತ್ತು. ಅದು ನನ್ನ ಬೀಳ್ಕೊಡುಗೆಯ ದಿನಕ್ಕೆಂದು ಮೈಸೂರಿನಲ್ಲಿ ಕೊಂಡ ತುಂಬುತೋಳಿನ ಶರ್ಟು. ಒಟ್ಟು ಮೂರು ಗಂಟೆ ತೊಟ್ಟಿದ್ದೆ. ಅದರಲ್ಲಿ ಒಂದು ಗಂಟೆ ಹಾರದ ಕೆಳಗೆ ಅದು ಯಾರಿಗೂ ಕಂಡೇ ಇರಲಿಲ್ಲ. ಕೊಡುವುದಿಲ್ಲ ಎಂದೆ. ಕೊಟ್ಟೆ. ಆದರೆ ಷರತ್ತು ಹಾಕಿದೆ. ಈ ಶರ್ಟು ಬೇಕಾದವರು ಮೊದಲು ನನ್ನೆದುರು ಕೂತು ಪ್ರಶ್ನೆಗಳಿಗೆ ಉತ್ತರಿಸಬೇಕು, ನನಗೆ ಒಪ್ಪಿಗೆಯಾದರೆ ಮಾತ್ರ ಶರ್ಟು. ನನ್ನ ಸಂದರ್ಶನದ ಪಾಠ ಶುರುವಾದದ್ದು ಹೀಗೆ, ಸಮಾಜಸೇವೆಯಿಂದಲ್ಲ, ಶರ್ಟಿನ ಮೇಲಿನ ವ್ಯಾಮೋಹದಿಂದ. ಮೊದಲನೆಯ ಪಾಠವೂ ಶರ್ಟಿನದೇ ಆಗಿತ್ತು: "ಏನಾದರೂ ಹೇಳಿ, ಬಟ್ಟೆ ನಿಮ್ಮದಲ್ಲ ಅಂತ ಮಾತ್ರ ಬಾಯಿ ಬಿಡಬೇಡಿ. ಎರವಲು ಶರ್ಟು ಅಂತ ಗೊತ್ತಾದರೆ ಮನುಷ್ಯನ ಬೆಲೆ ಅಲ್ಲೇ ಇಳಿದುಹೋಗುತ್ತದೆ."

ಮೊದಲನೆಯವನು ಶರ್ಟು ವಾಪಸು ತಂದಾಗ ಕೆಳಗಿನ ಅಂಚಿನಲ್ಲಿ ಒಂದು ಹಳದಿ ಬೊಟ್ಟು ಕಂಡಿತು. ಸಾರು ಚೆಲ್ಲಿದ್ದಾನೆಂದು ರೇಗಿದೆ. ಸಾರಲ್ಲ, ಅರಿಶಿನ. ನಮ್ಮ ಕಡೆ ಹೊಸ ಬಟ್ಟೆಯನ್ನು ಹಾಗೇ ತೊಡುವುದಿಲ್ಲ, ಮೂಲೆಯಲ್ಲಿ ಚೂರು ಅರಿಶಿನ ಹಚ್ಚಿ ದೇವರ ಮುಂದಿಟ್ಟು ಆಮೇಲೆ ಹಾಕಿಕೊಳ್ಳುತ್ತೇವೆ. "ಇದು ಹೊಸದಲ್ಲವಲ್ಲಪ್ಪ!" ಎಂದೆ. "ನಂಗೆ ಒಸಾದೇ ತಾನೆ ಸಾ" ಎಂದ. ಅವನಿಗೆ ಕೆಲಸವಾಗಿತ್ತು, ನನಗೆ ಒಗೆಯುವ ಕೆಲಸವಾಯಿತು. ಬಚ್ಚಲಿಗೆ ಹೋಗಿ ಸೋಪು ಹಾಕಿ ತಿಕ್ಕಿದೆ. ಹಳದಿ ಬೊಟ್ಟು ನೋಡನೋಡುತ್ತಾ ಕೆಂಪಾಗಿ ಹರಡಿತು. ರತ್ನ ಬಂದು ನೋಡಿ, "ಹೊಲಿಗೆ ಟೀಚರ್ ಗಂಡ ಆಗಿ ಇಷ್ಟೂ ಗೊತ್ತಿಲ್ವಾ? ಅರಿಶಿನಕ್ಕೆ ಸೋಪು ತಾಕಿದ್ರೆ ಕೆಂಪಾಗುತ್ತೆ. ಬರೀ ನೀರಲ್ಲಿ ಒಗ್ದು ಬಿಸ್ಲಿಗ್ ಹಾಕ್ಬೇಕು" ಎಂದಳು. ಆಮೇಲೂ ಶರ್ಟು ಹೋದಾಗಲೆಲ್ಲ ಒಂದೊಂದು ಬೊಟ್ಟು ಹೊತ್ತು ಬಂತು. ಬಾಗಿಲಲ್ಲಿ ತಾಯಿಯೋ ಹೆಂಡತಿಯೋ ಅಜ್ಜಿಯೋ ಇದ್ದೇ ಇರುತ್ತಿದ್ದರು, ಅವರ ಬೆರಳ ತುದಿಯಲ್ಲಿ ಅರಿಶಿನವೂ ಇರುತ್ತಿತ್ತು. ನಾನೂ ಮರೆತು ಮರೆತು ಸೋಪು ಹಾಕುತ್ತಲೇ ಇದ್ದೆ. ನನ್ನ ಲೆಕ್ಕದಲ್ಲಿ ಏಳು ಜನ ಅದನ್ನು ತೊಟ್ಟರು. ಅವರಲ್ಲಿ ಆರು ಜನಕ್ಕೆ ಕೆಲಸವಾಯಿತು. ಏಳನೆಯವನು ಬಸ್ಸಿನಲ್ಲಿ ನಿದ್ದೆ ಹೋಗಿ ಚನ್ನಪಟ್ಟಣದಲ್ಲಿ ಎಚ್ಚರಗೊಂಡ. ಅದನ್ನು ಶರ್ಟಿನ ತಪ್ಪೆನ್ನಲಾಗದು.

ಈಗ ಚಿಕ್ಕಣ್ಣನ ವಿಷಯಕ್ಕೆ ಬರುತ್ತೇನೆ. ಅವನಿಗಾಗಿಯೇ ಇಷ್ಟೆಲ್ಲ ಹೇಳಿದ್ದು. ಮಳವಳ್ಳಿಯ ಕಡೆಯವನು, ವಯಸ್ಸು ನಲವತ್ತನಾಲ್ಕು. ಇಪ್ಪತ್ತು ವರ್ಷ ಒಂದು ಟಾಕೀಸಿನಲ್ಲಿ ಟಾರ್ಚು ಹಿಡಿದು, ಕತ್ತಲಲ್ಲಿ ಜನರಿಗೆ ಸೀಟು ತೋರಿಸುತ್ತಿದ್ದ. ಟಾಕೀಸು ಮುಚ್ಚಿತು. ಮೂಟೆ ಹೊತ್ತ, ಪೇಂಟು ಬಳಿದ, ಒಂದೂ ನಿಲ್ಲಲಿಲ್ಲ. ಮದ್ದೂರಿನ ಹೊರಗಿನ ಒಂದು ಗಾರ್ಮೆಂಟ್ಸಿನಲ್ಲಿ ಸ್ಟೋರು ನೋಡಿಕೊಳ್ಳುವವರು ಬೇಕೆಂದು ತಿಳಿದು, ಯಾರೋ ಹೇಳಿದ್ದಕ್ಕೆ ನಮ್ಮ ಮನೆಗೆ ಬಂದಿದ್ದ.

ಹೊರಗೆ ಹೋಗಿ, ಬಾಗಿಲು ತಟ್ಟಿ ಒಳಗೆ ಬನ್ನಿ, ನಾನೇ ಆಫೀಸರ್ ಎಂದುಕೊಳ್ಳಿ ಎಂದೆ. ಬಾಗಿಲು ತಟ್ಟಿದ. ಬಂದ. ಬಂದವನು ಸೊಂಟ ಸ್ವಲ್ಪ ಬಗ್ಗಿಸಿ, ಬಲಗೈಯನ್ನು ನೆಲದ ಕಡೆ ಚಾಚಿ, ಹಿಂದೆ ಹಿಂದೆ ಹೆಜ್ಜೆಯಿಡುತ್ತಾ, "ಬನ್ನಿ ಸಾ, ನೋಡ್ಕೊಂಡ್, ಮೆಟ್ಲೈತೆ" ಎಂದು ನನ್ನನ್ನೇ ಕರೆದುಕೊಂಡು ಹೋಗಿ ಕುರ್ಚಿ ತೋರಿಸಿದ. ಅವನ ಕೈಯ ನಯಕ್ಕೆ ಸೋತು ನಾನು ಎದ್ದು ಹಿಂಬಾಲಿಸಿ ಕೂತುಬಿಟ್ಟೆ. ಅವನು ಹೋಗಿ ಬಾಗಿಲ ಹತ್ತಿರ ನಿಂತ.

"ಚಿಕ್ಕಣ್ಣ, ಕೂರಬೇಕಾದವರು ನೀವು."

"ಇಪ್ಪತ್ತೊರ್ಸ ನಿಂತೇ ಗೇದಿದ್ದು ಸಾ. ಕೂತ್ರೆ ನಿದ್ದೆ ಬತ್ತದೆ."

"ಸರಿ, ನಿಮ್ಮ ಬಗ್ಗೆ ಹೇಳಿ."

"ಯೋಳೋಕೇನೈತೆ ಸಾ? ಟಾಕೀಸು ಮುಚ್ಚೋಯ್ತು."

ಅಷ್ಟೇ. ನಾನು ಪೆನ್ನಿನ ಕ್ಯಾಪು ಹಾಕಿದೆ. ಈತನಿಗೆ ಶರ್ಟು ಕೊಡುವ ಹಾಗಿಲ್ಲ ಎಂದು ಮನಸ್ಸಿನಲ್ಲೇ ತೀರ್ಪು ಬರೆದೆ. ಆದರೂ ಕೇಳಬೇಕಲ್ಲ ಎಂದು, ಈ ಕೆಲಸ ಯಾಕೆ ಬೇಕು ಎಂದೆ. ಅವನು ನೆಲ ನೋಡುತ್ತಾ ಹೇಳಿದ: "ಮಗ್ಳು ಸೆಕೆಂಡ್ ಪಿಯುಸಿ ಸಾ. ಚೆಂದಾಗ್ ಓದ್ತಳೆ. 'ನೀ ಅಲೀಬ್ಯಾಡ ಕಣಪ್ಪ, ಬರೋ ಸೋಮವಾರದಿಂದ ಕಾಲೇಜ್ ಬುಟ್ಟು ನಾನೇ ಗಾರ್ಮೆಂಟ್ಸ್‌ಗೆ ಓಯ್ತೀನಿ' ಅಂತ ಕುಂತವ್ಳೆ. ಅವ್ಳು ಆ ಗೇಟ್ ದಾಟೋಕ್ ಮುಂಚೆ ನಾ ದಾಟ್ಬೇಕು ಸಾ. ಅಷ್ಟೇಯ."

ಒಳಗಿನಿಂದ ರತ್ನ ಟೇಪು ಹಿಡಿದು ಬಂದು ಅವನ ಭುಜ ಅಳೆಯತೊಡಗಿದಳು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೂ ನಾನು ಬೇಡ ಎನ್ನುತ್ತಿರಲಿಲ್ಲ. ನನ್ನ ಹೊಟ್ಟೆಯ ಅಳತೆಯ ಶರ್ಟನ್ನು ಅವನ ಮೈಗೆ ತಕ್ಕಂತೆ ಎರಡೂ ಪಕ್ಕದಲ್ಲಿ ಒಳಗೆ ಹಿಡಿದು ಹೊಲಿದಳು. ನಾನು ನಾಲ್ಕು ದಿನ ಪಟ್ಟು ಹಿಡಿದು ಅವನಿಗೆ ಕೂರುವುದು, ಕೈ ಮಡಿಲಲ್ಲಿಡುವುದು, ನಿಮ್ಮ ಬಗ್ಗೆ ಹೇಳಿ ಎಂದರೆ ಐದು ವಾಕ್ಯ ಹೇಳುವುದು ಕಲಿಸಿದೆ. ಐದರಲ್ಲಿ ಮೂರು ಬಂದವು. ಶರ್ಟು ನಿಮ್ಮದಲ್ಲ ಅಂತ ಹೇಳಬೇಡಿ ಎಂಬುದನ್ನು ಮಾತ್ರ ಆರು ಸಲ ಹೇಳಿದೆ.

ಸಂದರ್ಶನದ ಬೆಳಿಗ್ಗೆ ಅವನು ಮಳವಳ್ಳಿಯಿಂದಲೂ ನಾನು ಮಂಡ್ಯದಿಂದಲೂ ಮದ್ದೂರಿನ ಬಸ್ ಸ್ಟ್ಯಾಂಡಿಗೆ ಬಂದು ಸೇರಿದೆವು. ಜೊತೆಗೆ ಹೋಗುವುದು ನನ್ನ ಪಾಠದಲ್ಲಿರಲಿಲ್ಲ. ನೀವೂ ಜೊತೆಗೆ ಹೋಗಿ ಎಂದು ರತ್ನ ಹೇಳಿದ್ದಳು. ದೂರದಿಂದ ನೋಡಿದರೆ ಅವನು ನಿಜವಾಗಿ ಚೆನ್ನಾಗಿ ಕಂಡ. ಹತ್ತಿರ ಬಂದಾಗ ಅದು ಕಂಡಿತು. ಎಡಗಡೆಯ ಜೇಬಿನ ಮೇಲೆ, ನಟ್ಟನಡುವೆ, ಒಂದು ರೂಪಾಯಿ ನಾಣ್ಯದಗಲ ಅರಿಶಿನದ ಬೊಟ್ಟು.

"ಇದೇನು ಚಿಕ್ಕಣ್ಣ! ಕೆಳಗೆ ಅಂಚಿಗೆ ಹಚ್ಚೋದಲ್ವಾ?"

"ಅಲ್ಲಿ ಜಾಗ ಇರ್ನಿಲ್ಲ ಸಾ. ಆಗ್ಲೇ ಒಂಬತ್ತು ಬೊಟ್ಟವೆ. ಒಬ್ರು ಬೊಟ್ಟಿನ್ ಮ್ಯಾಲೆ ಇನ್ನೊಬ್ರು ಇಡಬಾರ್ದು ಅಂತ ನಮ್ಮನೆಯವ್ಳು ಜೇಬಿಗಿಟ್ಳು."

"ಒಂಬತ್ತಲ್ಲ, ಏಳು."

"ಒಂಬತ್ತು ಸಾ" ಎಂದ, ಬೇಸರವಿಲ್ಲದೆ.

ವಾದ ಮಾಡುವ ಹೊತ್ತಲ್ಲ. ಅವನ ಕೈ ಹಿಡಿದು ಎದುರಿನ ಹೋಟೆಲಿಗೆ ಎಳೆದೊಯ್ದೆ. ಮದ್ದೂರಿಗೆ ಬಂದು ವಡೆಯ ಕಡೆ ತಿರುಗಿಯೂ ನೋಡದೆ ನೇರವಾಗಿ ಕೈತೊಳೆಯುವ ನಲ್ಲಿಗೆ ಓಡಿದವರು ನಾವೇ ಮೊದಲಿರಬೇಕು. ಕರವಸ್ತ್ರ ನೆನೆಸಿದೆ, ಅಲ್ಲಿದ್ದ ಸೋಪಿನ ಚೂರು ಸವರಿದೆ, ತಿಕ್ಕಿದೆ. ಹೌದು, ಸೋಪು. ಎರಡು ವರ್ಷದಲ್ಲಿ ಅದೆಷ್ಟು ಸಲ ಬೈಸಿಕೊಂಡಿದ್ದೆನೋ, ಕಷ್ಟ ಬಂದಾಗ ಕೈ ಮತ್ತೆ ಸೋಪಿಗೇ ಹೋಯಿತು. ನಾಣ್ಯದಗಲದ ಹಳದಿ ಬೊಟ್ಟು ಅಂಗೈಯಗಲದ ಕೆಂಪು ಕಲೆಯಾಯಿತು. ಕೈ ತೊಳೆಯಲು ಬಂದ ಒಬ್ಬರು ಹೌಹಾರಿ, "ಯಾರಿಗ್ ಏಟ್ ಬಿತ್ತು?" ಎಂದರು.

ನನಗೆ ಅಳು ಬರುವುದೊಂದು ಬಾಕಿ. ನನ್ನ ಶರ್ಟನ್ನೇ ಬಿಚ್ಚಿ ಕೊಡಲು ಹೋದೆ. ನೀಲಿ ಚೌಕಳಿಯದು, ಹೊಟ್ಟೆಯ ಹತ್ತಿರ ಒಂದು ಗುಂಡಿ ಇರಲಿಲ್ಲ. ಚಿಕ್ಕಣ್ಣ ನನ್ನ ಕೈ ತಡೆದ. "ಬುಡಿ ಸಾ. ಅರಿಸ್ನ ಅಚ್ಚಿರಾದು ಇದ್ಕೆ. ಬರೋವಾಗ ಮಗ್ಳು ಬಾಗ್ಲಲ್ ನಿಂತಿದ್ಲು, 'ಅಪ್ಪ, ಆಪೀಸರ್ ಕಂಡಂಗ್ ಕಾಣ್ತೀಯ' ಅಂದ್ಲು. ಇದ್ರಲ್ಲೇ ಓಯ್ತೀನಿ." ಫೈಲನ್ನು ಎದೆಗೆ ಅವಚಿಕೊಂಡಿರಿ, ಏನೇ ಆದರೂ ಕೆಳಗಿಳಿಸಬೇಡಿ ಎಂದು ಹೇಳಿ ಗೇಟಿನ ತನಕ ಬಿಟ್ಟೆ. ಮಾಸ್ತರರು ಪರೀಕ್ಷೆಯ ಕೊಠಡಿಯೊಳಗೆ ಹೋಗುವಂತಿಲ್ಲ.

ಎದುರಿನ ಹೊಂಗೆಮರದ ಕೆಳಗೆ ಒಂದೂ ಕಾಲು ಗಂಟೆ ನಿಂತೆ. ಇಸ್ತ್ರಿ ಮುರಿಯದ ಶರ್ಟಿನ, ಹೊಳೆಯುವ ಬೂಟಿನ ನಾಲ್ಕೈದು ಜನ ಹೊರಗೆ ಬಂದು ಬೈಕು ಹತ್ತಿ ಹೋದರು. ಅವರನ್ನು ನೋಡಿದಷ್ಟೂ ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಆ ಹುಡುಗಿ ಕಾಲೇಜು ಬಿಟ್ಟರೆ ಅದಕ್ಕೆ ಕಾರಣ ನನ್ನ ಕೈಯ ಒಂದು ಚೂರು ಸೋಪು. ಕೊನೆಗೆ ಚಿಕ್ಕಣ್ಣ ಬಂದ. ಫೈಲು ಕೆಳಗೆ ಕೈಯಲ್ಲಿ ನೇತಾಡುತ್ತಿತ್ತು, ಕೆಂಪು ಕಲೆ ಬಿಸಿಲಿಗೆ ರಾರಾಜಿಸುತ್ತಿತ್ತು, ಶರ್ಟಿನ ಅಂಚು ಪ್ಯಾಂಟಿನಿಂದ ಹೊರಗೆ ಬಂದಿತ್ತು. ಮುಗಿಯಿತು ಎಂದುಕೊಂಡೆ.

"ಏನಾಯ್ತು ಚಿಕ್ಕಣ್ಣ?"

"ಎಲ್ಲಾ ಯೋಳ್ಬುಟ್ಟೆ ಸಾ."

ನಡೆದದ್ದು ಇಷ್ಟು. ಒಳಗೆ ಮೂವರಿದ್ದರಂತೆ, ನಡುವೆ ಮ್ಯಾನೇಜರ್ ಮೇಡಂ. ಕೂತ ತಕ್ಷಣ ಕೈ ಮಡಿಲಲ್ಲಿಡಬೇಕೆಂಬ ನನ್ನ ಪಾಠ ನೆನಪಾಗಿ, ಚಿಕ್ಕಣ್ಣ ಫೈಲನ್ನು ಕೆಳಗಿಟ್ಟು ಕೈ ಮಡಿಲಲ್ಲಿಟ್ಟ. ಮೇಡಂ ಬೆಚ್ಚಿ, "ಜೇಬಲ್ಲಿ ಏನ್ರೀ ಅದು, ರಕ್ತಾನಾ?" ಎಂದರು. ಇವನು ಶುರುಮಾಡಿದ. ಅಂಗಿ ನನ್ನದಲ್ಲ, ಮಂಡ್ಯದ ಕೆಲಸದ ಬೀರುವಿನದು, ಕೆಲಸ ಕೇಳಲು ಹೋಗುವವರೆಲ್ಲ ಹಾಕಿಕೊಳ್ಳುವ ಅಂಗಿ, ನನಗೆ ಹೊಸದಾದ್ದರಿಂದ ಹೆಂಡತಿ ಅರಿಶಿನ ಹಚ್ಚಿದಳು, ಪಾಠ ಹೇಳಿಕೊಟ್ಟ ಸಾಹೇಬರು ಸೋಪು ಹಚ್ಚಿದರು. ಪಕ್ಕದ ಇಬ್ಬರು ನಕ್ಕರಂತೆ. ಮೇಡಂ ನಗಲಿಲ್ಲ. "ನಿಮಗಿಂತ ಮುಂಚೆ ಎಷ್ಟು ಜನ ಹಾಕ್ಕೊಂಡಿದ್ರು?" ಎಂದು ಕೇಳಿದರು.

"ನಾ ಯೋಳ್ದೆ ಸಾ: ಒಂಬತ್ತು ಬೊಟ್ಟವೆ. ಮೂರು ಮಾಸ್ಲಾಗವೆ. ಐದು ಸೋಪ್ ಬಿದ್ದು ಕೆಂಪಾಗವೆ. ಒಂದು ಎಣ್ಣೇಲಿ ಕಲ್ಸಿ ಅಚ್ಚಿರಾದು, ಸುತ್ತ ಜಿಡ್ಡೈತೆ. ನಂದು ಅತ್ನೇದು. ಆಯಮ್ಮ 'ತೋರ್ಸಿ' ಅಂತು. ಅಂಚು ಎಳ್ದು ತೋರುಸ್ದೆ. ಎಣ್ಸಿ ನೋಡ್ತು. ಸರಿಯಾಗಿತ್ತು."

ನಾನು ಕಣ್ಣು ಮುಚ್ಚಿಕೊಂಡೆ. ಸಂದರ್ಶನದ ನಡುವೆ ಶರ್ಟಿನ ಅಂಚು ಎಳೆದು ತೋರಿಸಬಾರದು ಎಂಬ ಪಾಠವನ್ನು ನಾನು ಹೇಳಿಕೊಟ್ಟಿರಲಿಲ್ಲ, ಅಂಥದ್ದೊಂದು ಬೇಕಾಗುತ್ತದೆಂದು ಯಾರಿಗೆ ಗೊತ್ತಿತ್ತು?

ಆಮೇಲೆ ಮೇಡಂ ಗಾಜಿನಾಚೆಯ ಗೋದಾಮು ತೋರಿಸಿ, ಆ ಕಪಾಟಿನಲ್ಲಿ ಎಷ್ಟು ಡಬ್ಬ ಇವೆ ಎಂದು ಕೇಳಿದರಂತೆ. ಕತ್ತಲಲ್ಲಿ ಬರಿಯ ತಲೆಗಳ ನೆರಳು ನೋಡಿ ಸಾಲು ಸಾಲಿಗೆ ಎಷ್ಟು ಜನ ಕೂತಿದ್ದಾರೆಂದು ಇಪ್ಪತ್ತು ವರ್ಷ ಹೇಳಿದವನು. ಇಂಟರ್ವೆಲ್ಲಿನಲ್ಲಿ ಟಿಕೆಟ್ಟಿಲ್ಲದೆ ನುಸುಳಿದವನನ್ನು ಆ ಲೆಕ್ಕದಿಂದಲೇ ಹಿಡಿದವನು. ಒಮ್ಮೆ ನೋಡಿ, "ನಲ್ವತ್ತೇಳು. ಮ್ಯಾಲ್ಗಡೆ ಬಲಗಡೇದು ಖಾಲಿ ಡಬ್ಬ, ಫ್ಯಾನ್ ಗಾಳಿಗೆ ಅಲ್ಲಾಡ್ತೈತೆ" ಎಂದ. ಒಬ್ಬರು ಎದ್ದು ಹೋಗಿ ಎಣಿಸಿ, ಮೇಲಿನ ಡಬ್ಬ ಎತ್ತಿ ನೋಡಿ, ಅಲ್ಲಿಂದಲೇ ತಲೆಯಾಡಿಸಿದರು.

"ಆಯಮ್ಮ ಏನಂದ್ರು?" ಎಂದೆ.

"'ಇರೋದ್ನ ಇದ್ದಂಗೆ ಯೋಳೋರು ಬೇಕಿತ್ತು. ಸೋಮವಾರ ಬನ್ನಿ' ಅಂತು ಸಾ."

ನಾನು ಅವನನ್ನು ತಬ್ಬಿಕೊಂಡೆ. ಒದ್ದೆ ಆರದ ಆ ಕಲೆ ನನ್ನ ನೀಲಿ ಚೌಕಳಿಗೂ ಅಂಟಿತು, ಅಂಟಲಿ. ಹೊಂಗೆಮರದ ಕೆಳಗೆ ಇಬ್ಬರು ಗಂಡಸರು ಎದೆಯ ಮೇಲೆ ಕೆಂಪು ಕಲೆ ಮಾಡಿಕೊಂಡು ನಗುತ್ತಾ ನಿಂತದ್ದನ್ನು ಬಸ್ಸಿನಲ್ಲಿ ಹೋಗುತ್ತಿದ್ದವರೆಲ್ಲ ಕತ್ತು ಹೊರಳಿಸಿ ನೋಡಿದರು. ಅವನು ಫೋನು ತೆಗೆದು ಮಗಳಿಗೆ ಮಾಡಿದ. ಕೆಲಸವಾಯಿತೆಂದು ಹೇಳಲೇ ಇಲ್ಲ. "ಸೋಮವಾರ ನೀ ಕಾಲೇಜಿಗೆ ಓಗವ್ವ" ಎಂದ, ಅಷ್ಟೇ. ಆ ಕಡೆಯಿಂದ ಬಂದ ಕೂಗು ನನಗೂ ಕೇಳಿಸಿತು. ಆಮೇಲೆ ಅದೇ ಹೋಟೆಲಿಗೆ ವಾಪಸು ಹೋಗಿ ಇಬ್ಬರೂ ಎರಡೆರಡು ವಡೆ ತಿಂದೆವು.

ಮನೆಗೆ ಬಂದು ರತ್ನನಿಗೆ ಎಲ್ಲವನ್ನೂ ಹೇಳಿದೆ. ಕಣ್ಣೊರೆಸಿಕೊಂಡಳು. ಒರೆಸಿಕೊಂಡು ಮುಗಿಯುವುದನ್ನೇ ಕಾದು, ಬೊಟ್ಟು ಏಳಿರಬೇಕಿತ್ತು, ಒಂಬತ್ತು ಹೇಗಾಯಿತು ಎಂದು ಕೇಳಿದೆ. "ನೀವು ಕಣ್ಣು ತೋರ್ಸೋಕೆ ಮೈಸೂರಿಗೆ ಹೋಗಿದ್ರಲ್ಲ, ಆಗ ಇಬ್ರು ಬಂದಿದ್ರು. ಕೊಟ್ಟೆ" ಎಂದಳು. ನನ್ನ ಪ್ರಶ್ನೆಗಳಿಗೆ ಉತ್ತರಿಸದೆಯೇ? "ಹ್ಞೂಂ. ಇಬ್ರಿಗೂ ಕೆಲಸ ಆಯ್ತು." ನನ್ನ ಪಾಠಕ್ಕೂ ಅವರಿವರ ಕೆಲಸಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಅಲ್ಲಿ ಎದ್ದಿತು. ನಾನು ಅದನ್ನು ಕೂರಿಸಿದೆ.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ತಿಂಗಳಾದ ಮೇಲೆ ಶರ್ಟು ವಾಪಸು ತಂದ ಚಿಕ್ಕಣ್ಣ ಒಂದು ಸುದ್ದಿಯನ್ನೂ ತಂದ. ಅವರ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮಾಡುವ ಹೆಣ್ಣುಮಕ್ಕಳು ಸೂಪರ್‌ವೈಸರ್ ಹುದ್ದೆಗೆ ಹೋಗಲು ಮಾತಾಡುವ ಅಭ್ಯಾಸ ಬೇಕಂತೆ. ವಾರಕ್ಕೆರಡು ದಿನ ಪಾಠ ಹೇಳಲು ಮೇಡಂ ನನ್ನನ್ನು ಕರೆದಿದ್ದಾರೆ. "ಒಂದ್ ಸಣ್ಣ ಇಂಟ್ರ್ಯೂ ಐತಂತೆ ಸಾ, ಬಂದೋಗ್ಬೇಕಂತೆ." ಆ ದಿನ ಊಟ ಸೇರಲಿಲ್ಲ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅಂತಾರೆ, ನನಗೆ ಬದನೆಕಾಯಿಯೂ ಇಳಿಯಲಿಲ್ಲ. ಬಿಳಿ ಶರ್ಟು ಬೇಕು ಎಂದು ರತ್ನನನ್ನು ಕೇಳಿದೆ. ಅವಳು ಪಟ್ಟಿ ನೋಡಿ, "ಗುರುವಾರದ ತನಕ ಯಾರಿಗೂ ಇಲ್ಲ, ತಗೊಂಡೋಗಿ. ಒಗ್ದು ಇಸ್ತ್ರಿ ಮಾಡಿ ವಾಪಸ್ ಕೊಡಬೇಕು" ಎಂದಳು. ಪಕ್ಕದ ಹೊಲಿಗೆ ಬಿಚ್ಚಿದಳು. ಹೊರಡುವಾಗ ದೇವರ ಗೂಡಿನ ಅರಿಶಿನ ತಂದು, ಅಂಚಿನಲ್ಲೂ ಜೇಬಿನಲ್ಲೂ ಜಾಗವಿಲ್ಲದೆ, ತೋಳಿನ ಪಟ್ಟಿಗೆ ಹಚ್ಚಿದಳು. ಹನ್ನೊಂದನೆಯದು. ನಾನು ಬೇಡ ಎನ್ನಲಿಲ್ಲ. ನಿಜ ಹೇಳಬೇಕೆಂದರೆ, ಅವಳು ಮರೆತುಬಿಟ್ಟಾಳೆಂದು ಬಾಗಿಲಲ್ಲಿ ಕಾಯುತ್ತಾ ನಿಂತಿದ್ದೆ.

ಗೇಟಿನಲ್ಲಿ ಚಿಕ್ಕಣ್ಣ ಕಾದಿದ್ದ. ಕತ್ತಿನಲ್ಲಿ ಗುರುತಿನ ಚೀಟಿ, ಮೈಮೇಲೆ ಅವನದೇ ಹೊಸ ಶರ್ಟು. ಸೊಂಟ ಬಗ್ಗಿಸಿ, ಬಲಗೈ ನೆಲದ ಕಡೆ ಚಾಚಿ, ಹಿಂದೆ ಹಿಂದೆ ಹೆಜ್ಜೆಯಿಡುತ್ತಾ, "ಬನ್ನಿ ಸಾ, ನೋಡ್ಕೊಂಡ್, ಮೆಟ್ಲೈತೆ" ಎಂದು ಕರೆದೊಯ್ದು ಕುರ್ಚಿ ತೋರಿಸಿದ. ಎಷ್ಟು ಭಾಗ ಕೂರಬೇಕೆಂಬುದು ಮರೆತು ಪೂರ್ತಿ ಕೂತೆ.

ಮೇಡಂ ನಗುತ್ತಾ, "ನಿಮ್ಮ ಬಗ್ಗೆ ಹೇಳಿ ಸಾರ್" ಎಂದರು.

ಐದು ವಾಕ್ಯಗಳಲ್ಲಿ ಒಂದೂ ಬರಲಿಲ್ಲ. ಉತ್ತರ ಹೇಳಲು ಪಕ್ಕದಲ್ಲಿ ಸೋದರಮಾವನೂ ಇರಲಿಲ್ಲ, ಕಾಫಿ ಬೇಕೇ ಎಂದು ಅವರು ಕೇಳಲೂ ಇಲ್ಲ. ಅವರ ಕಣ್ಣು ನನ್ನ ಜೇಬಿನ ಕೆಂಪು ಕಲೆಯ ಮೇಲೆ ನಿಂತು, ತೋಳಿನ ಪಟ್ಟಿಯ ಹೊಸ ಬೊಟ್ಟಿಗೆ ಬಂದು, ಮತ್ತೆ ಜೇಬಿಗೆ ಹೋಯಿತು. ನನ್ನ ಬಾಯಿಂದ ಬಂದದ್ದು ಇಷ್ಟೇ: "ಮೇಡಂ, ಈ ಶರ್ಟು ನಂದೇ."

"ಇರ್ಲಿ ಬಿಡಿ ಸಾರ್" ಎಂದರು ಅವರು, ತೀರ ಮೃದುವಾಗಿ. "ಅದ್ರಲ್ಲಿ ಸಂಕೋಚ ಪಟ್ಕೊಳ್ಳೋದೇನಿದೆ? ಇಲ್ಲಿ ಯಾರೂ ಅದನ್ನೆಲ್ಲ ನೋಡಲ್ಲ."

ಕೆಲಸ ಸಿಕ್ಕಿತು. ಶರ್ಟು ನನ್ನದೆಂದು ಮಾತ್ರ ಆ ಕಾರ್ಖಾನೆಯಲ್ಲಿ ಇವತ್ತಿಗೂ ಯಾರೂ ನಂಬಿಲ್ಲ.